ತವರಿನ ಸೀರೆಯ ದಾರ

ಗಂಟು ಹಾಕದೆ ಎರಡು ಎಳೆಗಳನ್ನು ಕೂಡಿಸಬಹುದು ಎಂದರೆ ನಮ್ಮ ಮನೆಯವರು ಮೊದಲು ನಂಬಲಿಲ್ಲ. ಮದುವೆಯಾದ ಹೊಸತು. ಒಲೆಯ ಬೂದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಹಚ್ಚಿಕೊಂಡು, ಎರಡು ದಾರದ ತುದಿಗಳನ್ನು ಸೇರಿಸಿ ಒಂದೇ ಸಲ ಹೊಸೆದು ಅವರ ಕೈಗೆ ಕೊಟ್ಟೆ. ಎಳೆದು ನೋಡಿದರು, ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದಾಗ ದಾರ ಬೇರೆ ಕಡೆ ಕಡಿಯಿತು, ಕೂಡಿಸಿದ ಜಾಗ ಹಾಗೇ ಉಳಿಯಿತು. ಆವತ್ತು ನನಗೆ ಬಂದ ಜಂಬ ಎಷ್ಟೋ ವರ್ಷ ಇಳಿಯಲಿಲ್ಲ.

ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಮಗ್ಗದ ಮೇಲೆ ಉದ್ದಕ್ಕೆ ಹಾಕಿದ ಎಳೆಗಳಿಗೆ ಹಾಸು ಎಂದು ಹೆಸರು. ಹಾಸು ಮುಗಿಯುತ್ತ ಬಂದಾಗ ನೇಯ್ದ ಸೀರೆಯನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಕೊನೆಯ ಗೇಣುದ್ದವನ್ನು ಮಗ್ಗದ ಮೇಲೇ ಬಿಡುತ್ತಾರೆ. ಆ ಸಾವಿರಾರು ತುದಿಗಳಿಗೆ ಹೊಸ ಹಾಸಿನ ತುದಿಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಹಳೆಯದು ಹೊಸದನ್ನು ಎಳೆದುಕೊಂಡು ಬರುತ್ತದೆ. ಹಾಗಾಗಿ ನಮ್ಮ ಮಗ್ಗ ಎಂದೂ ಬರಿದಾಗಿಲ್ಲ, ತಾತ ಹಾಕಿದ ಹಾಸೇ ಇಲ್ಲಿಯವರೆಗೆ ನಡೆದುಕೊಂಡು ಬಂದಿದೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವ್ವನ ಕಣ್ಣು ಮಂಜಾದ ಮೇಲೆ ಮದುವೆಯವರೆಗೂ ಮನೆಯ ನಾಲ್ಕು ಮಗ್ಗಗಳಿಗೆ ಕೆಚ್ಚಿದವಳು ನಾನೇ. ಒಬ್ಬರು ಶುರು ಮಾಡಿದ ಹಾಸನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೈ ಬದಲಾದರೆ ಹೊಸೆತದ ಬಿಗಿ ಬದಲಾಗುತ್ತದೆ, ನೇಯುವಾಗ ಬಿಚ್ಚಿಕೊಳ್ಳುತ್ತದೆ. ಅರ್ಧಕ್ಕೆ ಬಿಟ್ಟು ಎದ್ದರಂತೂ ಅವ್ವ ಬೈಯುತ್ತಿದ್ದ ಬೈಗುಳ ಬೀದಿಯ ಕೊನೆಗೆ ಕೇಳುತ್ತಿತ್ತು.

ನನ್ನನ್ನು ಕೊಟ್ಟದ್ದು ಪರಶುರಾಂಪುರದ ಹತ್ತಿರದ ಹಳ್ಳಿಗೆ. ಅವರೂ ನಮ್ಮವರೇ, ಆದರೆ ಎರಡು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಹೊಲ ಹಿಡಿದಿದ್ದರು. ತವರಿನಲ್ಲಿ ತೆಲುಗು, ಕನ್ನಡ ಎರಡನ್ನೂ ಕಲಸಿ ಮಾತಾಡಿಕೊಂಡು ಬೆಳೆದವಳಿಗೆ ಇಲ್ಲಿ ತೆಲುಗು ನಾಲಿಗೆಯಿಂದ ಜಾರಿದರೆ ಅತ್ತೆ ನಗುತ್ತಿದ್ದರು. ಹೊಲದಲ್ಲಿ ಕಡಲೆಕಾಯಿ, ಈರುಳ್ಳಿ, ಜೊತೆಗೊಂದು ಬೋರು. ಕಡಲೆಕಾಯಿ ಕೀಳುವ ದಿನಗಳಲ್ಲಿ ನನ್ನ ಬೆರಳುಗಳ ಗತಿ ನೋಡಿ ನಾನೇ ಅತ್ತಿದ್ದೇನೆ. ಎಳೆ ಹಿಡಿದ ಬೆರಳಿಗೆ ಮಣ್ಣು ಹತ್ತುವುದಿಲ್ಲ ಅಂದುಕೊಂಡಿದ್ದೆ, ಎಲ್ಲಾ ಹತ್ತುತ್ತದೆ.

ಹಿಪ್ಪುನೇರಳೆ ಹಾಕುವ ಮಾತು ತೆಗೆದವನು ಅಣ್ಣ. ಒಂದು ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದಾಗ ಊಟಕ್ಕೆ ಕೂತು ಹೇಳಿದ.

"ಚೆಲ್ಲಮ್ಮಾ, ಕಡಲೆಕಾಯಿ ನಂಬ್ಕೊಂಡು ಎಷ್ಟು ದಿನ ಇರ್ತೀರಿ. ಬೋರಲ್ಲಿ ನೀರೈತೆ, ಸೊಪ್ಪು ಹಾಕ್ರಿ, ಹುಳ ಸಾಕ್ರಿ. ನೀವು ಗೂಡು ಬೆಳೀರಿ, ನಾನು ನೇಯ್ತೀನಿ. ನಿಮ್ಮ ದಾರ ನನ್ನ ಮಗ್ಗ ಬಿಟ್ಟು ಬ್ಯಾರೆ ಕಡೆ ಹೋಗಬಾರ್ದು."

ಚೆಲ್ಲಮ್ಮಾ ಎಂದರೆ ನಮ್ಮ ತೆಲುಗಿನಲ್ಲಿ ತಂಗಿ. ಅವನು ಹಾಗೆ ಕರೆದರೆ ನಾನು ಬಾವಿಗೆ ಹಾರು ಎಂದರೂ ಹಾರುತ್ತಿದ್ದೆನೇನೋ. ಊರಿಗೆ ಬಂದು ನಮ್ಮ ಮನೆಯವರ ಬೆನ್ನು ಬಿದ್ದೆ. ಅವರು ಒಪ್ಪಲಿಲ್ಲ. ಅವರ ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ವಯಸ್ಸೆಲ್ಲ ದುಡಿದವರು. ಹಡಗಿನಲ್ಲಿ ಪರದೇಶದ ತಾಳೆ ಎಣ್ಣೆ, ಅದೇ ಪಾಮೆಣ್ಣೆ, ಬರತೊಡಗಿದ ಮೇಲೆ ಆ ಮಿಲ್ಲು ನಿಂತಿತು. ನಿಂತದ್ದಕ್ಕಿಂತ ಹೆಚ್ಚಾಗಿ ಅವರ ಮನಸ್ಸಿಗೆ ಚುಚ್ಚಿದ್ದು ಬೇರೆ. ಮಿಲ್ಲಿನ ಸಾಹುಕಾರರೇ ಅದೇ ಕಾಂಪೌಂಡಿನಲ್ಲಿ ಪಾಮೆಣ್ಣೆಯ ಏಜೆನ್ಸಿ ತೆರೆದರಂತೆ.

"ಹೊರಗಿನ ಸರಕು ತಾನಾಗೇ ಬರಲ್ಲ ಕಣೇ. ನಮ್ಮೋರೇ ಹೋಗಿ ಕರ್ಕೊಂಡು ಬರ್ತಾರೆ" ಅಂದರು ನಮ್ಮ ಮನೆಯವರು.

"ನಮ್ಮಣ್ಣ ಅಂಥೋನಲ್ಲ" ಅಂದೆ.

"ನಿಮ್ಮಣ್ಣ ಬಾಯಲ್ಲೇ ಅರ್ಧ ಸೀರೆ ನೇಯ್ತಾನೆ" ಅಂದರು.

ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವರು ಟ್ರ್ಯಾಕ್ಟರಿನವನಿಗೆ ಹೇಳಿ ಕಳಿಸಿದರು. ಬೋರಿನ ಮಗ್ಗುಲಲ್ಲಿದ್ದ ಒಂದೂವರೆ ಎಕರೆ, ನಮಗಿದ್ದುದರಲ್ಲೇ ಒಳ್ಳೆಯ ನೆಲ. ಅದರ ಹೊಣೆ ನನ್ನ ತಲೆ ಮೇಲೆ ಎಂದು ಅತ್ತೆಯ ಎದುರು ಒಪ್ಪಿಕೊಂಡೇ ಕಡ್ಡಿ ನೆಟ್ಟದ್ದು.

ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಅದು ಬಾಣಂತನಕ್ಕಿಂತ ಕಷ್ಟ. ಹುಳು ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಪಕ್ಕದಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವಂತಿಲ್ಲ. ಪೊರೆ ಬಿಡುವ ಮುಂಚೆ ಹುಳ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ತಂದು ಹಾಕಿದರೂ ಸಾಲದು. ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಒಂದು ಒಳಗೆ ಬಂದರೂ ಸಾಕು, ನಾನು ಟವೆಲ್ ಹಿಡಿದು ಅದರ ಹಿಂದೆ ಓಡುತ್ತಿದ್ದೆ. ಅತ್ತೆಯ ಜ್ವರಕ್ಕೆ ಒಂದು ಮಾತ್ರೆ ಕೊಟ್ಟು ಹುಳದ ಜ್ವರಕ್ಕೆ ನಿದ್ದೆಗೆಡುತ್ತೀ ಎಂದು ಅತ್ತೆಯೇ ಆಡಿಕೊಂಡಿದ್ದುಂಟು.

ಮೊದಲ ಬೆಳೆ ಬಂತು. ಬೆಳ್ಳನೆಯ, ಗಟ್ಟಿ ಗೂಡು. ಮಾರ್ಕೆಟ್ಟಿಗೆ ಕಳಿಸುವ ಮುಂಚೆ ಒಂದು ಪಾಲು ಎತ್ತಿಟ್ಟೆ. ಅದನ್ನು ಗೂಡಿನಿಂದ ನೂಲು ಬಿಚ್ಚುವವನ ಹತ್ತಿರ ಬಿಚ್ಚಿಸಿ, ನೂಲನ್ನು ಸುತ್ತಿ ಲಡಿ ಮಾಡಿಸಿ, ನನ್ನ ಹಳೆಯ ನೀಲಿ ಸೀರೆಯ ಅಂಚು ಹರಿದು ಅದರಿಂದ ಕಟ್ಟಿ ಅಣ್ಣನ ಕೈಗೆ ಕೊಟ್ಟೆ. ಮುಂದಿನ ಗೌರಿಗೆ ಇದರಲ್ಲೇ ನನಗೆ ಸೀರೆ ನೇಯ್ದುಕೊಡು ಎಂದೆ. ಅಣ್ಣ ಆ ಲಡಿಯನ್ನು ಕಣ್ಣಿಗೆ ಒತ್ತಿಕೊಂಡ. ಅದನ್ನು ನಾನು ಕಣ್ಣಾರೆ ಕಂಡೆ.

ಹಬ್ಬಕ್ಕೆ ಸೀರೆ ಬಂತು. ಮೆಂತ್ಯದ ಬಣ್ಣದ ಒಡಲು, ಮೆಣಸಿನಕಾಯಿ ಕೆಂಪಿನ ಅಂಚು. ಉಡಿ ತುಂಬುವಾಗ ಅಣ್ಣ ಅಂದ, "ಹಾಸೂ ನಿಂದೇ, ಹೊಕ್ಕೂ ನಿಂದೇ." ಹೊಕ್ಕು ಎಂದರೆ ಅಡ್ಡಕ್ಕೆ ನೇಯುವ ಎಳೆ. ನಾನು ಆ ಸೀರೆಯನ್ನು ಉಡದ ಮದುವೆಯಿಲ್ಲ, ಹೇಳದ ಮನೆಯಿಲ್ಲ. ನಮ್ಮ ಹುಳು ಸೊಪ್ಪು ತಿಂದು ಕಕ್ಕಿದ ದಾರ, ನಮ್ಮಣ್ಣನ ಮಗ್ಗ. ಕೇಳದಿದ್ದವರನ್ನೂ ನಿಲ್ಲಿಸಿ ಸೆರಗು ಮುಟ್ಟಿಸುತ್ತಿದ್ದೆ. ನನ್ನ ಓರಗಿತ್ತಿ ಈ ಕತೆ ಕೇಳೀ ಕೇಳೀ ನಾನು ಬಾಯಿ ತೆರೆದರೆ ತಾನೇ ಮುಂದಿನದನ್ನು ಒಪ್ಪಿಸುತ್ತಿದ್ದಳು.

ಎರಡು ವರ್ಷ ಚೆನ್ನಾಗಿ ನಡೆಯಿತು. ಗೂಡೆಲ್ಲ ಮಾರ್ಕೆಟ್ಟಿಗೇ ಹೋಗುತ್ತಿತ್ತು. ನಮ್ಮ ದಾರವನ್ನೇ ನೇರವಾಗಿ ಯಾವಾಗ ಕೊಳ್ಳುತ್ತೀ ಎಂದರೆ ಅಣ್ಣ, ಇನ್ನೊಂದು ಮಗ್ಗ ಹಾಕಲಿ, ಇನ್ನೊಂದು ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದ. ಆಮೇಲೆ ಗೂಡಿನ ರೇಟು ಬಿತ್ತು. ಮಾರ್ಕೆಟ್ಟಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ, ಚೈನಾ ನೂಲು. ಅಲ್ಲಿಂದ ಬರುವ ದಾರ ಕನ್ನಡಿಯ ಹಾಗೆ ನುಣ್ಣಗೆ ಇರುತ್ತದೆ, ನಮ್ಮದಕ್ಕಿಂತ ಅಗ್ಗ, ನೇಕಾರರೆಲ್ಲ ಅದಕ್ಕೇ ಬಿದ್ದಿದ್ದಾರೆ ಎಂದರು. ಉಳ್ಳಾರ್ತಿ ಕಾವಲಿನ ಬೇಲಿಯೊಳಗೆ ದೇಶ ಕಾಯುವುದಕ್ಕೆ ಏನೇನೋ ತಯಾರಾಗುತ್ತದೆ ಎಂದು ನಮ್ಮ ಕಡೆಯವರಿಗೆ ದೊಡ್ಡ ಹೆಮ್ಮೆ. ಅದರ ಪಕ್ಕದಲ್ಲೇ ಒಂದು ಎಳೆ ದಾರ ಯಾರಿಗೂ ಕಾಣದ ಹಾಗೆ ನುಗ್ಗಿ ನಮ್ಮ ಹುಳು ಮನೆಗೆ ಬೀಗ ಹಾಕಿಸುತ್ತಿತ್ತು.

ಗೂಡು ಬೆಳೆಯುವವರು, ನೇಯುವವರು ಒಟ್ಟಾಗಿ ಚಳ್ಳಕೆರೆಯಲ್ಲಿ ಧರಣಿ ಮಾಡಿದರು. ಅಣ್ಣ ಆಗ ಅವರ ಕಡೆಯ ನೇಕಾರರ ಮುಂದಾಳು. ನಾನು ಅದೇ ಸೀರೆ ಉಟ್ಟು ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಅಣ್ಣ ಮೈಕು ಹಿಡಿದು, ನಮ್ಮ ಅಕ್ಕತಂಗಿಯರ ಗೂಡಿಗೆ ಬೆಲೆಯಿಲ್ಲ, ಪರದೇಶದ ದಾರಕ್ಕೆ ಕೆಂಪು ಹಾಸು ಎಂದು ಗುಡುಗಿದ. ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇದು ನನ್ನ ತಂಗಿಯ ಗೂಡಿನ ಸೀರೆ, ಇದು ನಮ್ಮ ನೆಲದ ರೇಷ್ಮೆ ಎಂದು ಎಲ್ಲರಿಗೂ ತೋರಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಚೀಲದಿಂದ ಒಂದು ಹಿಡಿ ಚೈನಾ ನೂಲು ತೆಗೆದು ಬೆಂಕಿ ಹಚ್ಚಿದ. ಕೂದಲು ಸುಟ್ಟ ವಾಸನೆ ಬಂತು, ಅಪ್ಪಟ ರೇಷ್ಮೆ ಸುಟ್ಟರೆ ಹಾಗೇ. ಅಷ್ಟು ಜನರಲ್ಲಿ ಒಬ್ಬರಿಗೂ ಆ ದಾರ ಇವನಿಗೆ ಎಲ್ಲಿಂದ ಸಿಕ್ಕಿತು ಎಂದು ಕೇಳಬೇಕು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಧರಣಿಯಿಂದ ರೇಟೇನೂ ಏರಲಿಲ್ಲ. ಆ ವರ್ಷದ ಮೂರನೇ ಬೆಳೆ ಮಾರಿ ಬಂದ ದಿನ ನಮ್ಮ ಮನೆಯವರು ಚಪ್ಪಲಿ ಬಿಡುತ್ತಲೇ ಹೇಳಿದರು.

"ನಿಮ್ಮಣ್ಣನ್ನ ಒಂದ್ ಮಾತು ಕೇಳ್ಕೊಂಡು ಬಾ. ನಮ್ಮ ದಾರ ತಾನೇ ತಗೊಂತಾನಾ, ಇಲ್ವಾ. ತಗೊಂಬೋದಾದ್ರೆ ತೋಟ ಇರ್ಲಿ. ಇಲ್ಲಾಂದ್ರೆ ಈ ಹಂಗಾಮಿಗೆ ಕಿತ್ತು ಈರುಳ್ಳಿ ಹಾಕ್ತೀನಿ."

ಕೋಪದಲ್ಲಿ ಹೇಳಿದ್ದರೆ ಜಗಳ ಆಡಬಹುದಿತ್ತು, ಅವರು ಶಾಂತವಾಗಿ ಹೇಳಿದರು. ಅದೇ ವಾರ ತವರಿನಿಂದ ಫೋನು ಬಂತು. ಅತ್ತಿಗೆಯ ಬಲಗೈ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಉಗುರು ಕಿತ್ತುಬಂದಿದೆ, ಹಾಸು ಕೆಚ್ಚುವವರಿಲ್ಲದೆ ಮಗ್ಗ ನಿಂತಿದೆ, ಒಂದು ದಿನದ ಮಟ್ಟಿಗೆ ಬಾ. ಎರಡೂ ಕೆಲಸ ಒಟ್ಟಿಗೇ ಆಯಿತು ಎಂದು ಮೊದಲ ಬಸ್ಸು ಹತ್ತಿದೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸುವಾಗ ಅಣ್ಣನಿಗೆಂದು ಬಿಸಿ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡದ್ದೂ ನೆನಪಿದೆ.

ಅಣ್ಣ ಪೇಟೆಗೆ ಹೋಗಿದ್ದ. ಅತ್ತಿಗೆ ಬ್ಯಾಂಡೇಜಿನ ಕೈಯಲ್ಲೇ ಕಾಫಿ ಕೊಟ್ಟಳು. ನಾವು ಅತ್ತಿಗೆಯನ್ನು ವದಿನಾ ಎಂದು ಕರೆಯುತ್ತೇವೆ. ನಾನು ಬೂದಿಯ ಬಟ್ಟಲು ಇಟ್ಟುಕೊಂಡು ಮಗ್ಗದ ಮುಂದೆ ಕೂತೆ. ಹತ್ತು ವರ್ಷವಾಗಿತ್ತು ಈ ಕೆಲಸ ಮಾಡಿ. ಮೊದಲ ನೂರು ಎಳೆ ಬೆರಳು ಮಾತು ಕೇಳಲಿಲ್ಲ, ಆಮೇಲೆ ತಾನಾಗಿ ಓಡಿತು. ಓಡಿದಂತೆಲ್ಲ ನನಗೆ ಆಶ್ಚರ್ಯ. ನಾನು ಕಂಡಿದ್ದ ದಾರದಲ್ಲಿ ಇಲ್ಲೊಂದು ದಪ್ಪ, ಅಲ್ಲೊಂದು ಸಣ್ಣ, ನಡುವೆ ಗಂಟಿನಂಥ ಗುಬಟು. ಇದರಲ್ಲಿ ಬೆರಳಿಗೆ ಏನೂ ಸಿಕ್ಕದು. ಎಲ್ಲಿ ಹಿಡಿದರೂ ಒಂದೇ ಸಮ.

ನನ್ನ ಜಂಬ ನೋಡಿ. ನನಗೆ ಹೊಳೆದದ್ದು ಒಂದೇ. ಅಣ್ಣ ಹೇಳದೆ ಕೇಳದೆ ಮಾರ್ಕೆಟ್ಟಿನಿಂದ ನಮ್ಮ ಗೂಡನ್ನೇ ಹಿಡಿಸಿ ದಾರ ಮಾಡಿಸಿದ್ದಾನೆ, ನನಗೆ ಆಶ್ಚರ್ಯ ಆಗಲಿ ಎಂದು ಬಚ್ಚಿಟ್ಟಿದ್ದಾನೆ.

"ವದಿನಾ, ದಾರ ಭಾಳ ಚೆಂದ ಐತಲ್ಲ. ನಮ್ಮ ಗೂಡಿಂದಾ?" ಅಂದೆ.

ವದಿನ ನನ್ನ ಮುಖ ನೋಡಲಿಲ್ಲ. "ಮೊದ್ಲು ಕೆಚ್ಚಮ್ಮ, ಆಮೇಲೆ ಮಾತಾಡಣ" ಅಂದಳು. ನಾಚಿಕೊಂಡಳು ಎಂದುಕೊಂಡೆ. ನಗುತ್ತಾ ನನ್ನ ಪಾಡಿಗೆ ಇನ್ನೊಂದು ಅಂಗೈ ಅಗಲದಷ್ಟು ಕೂಡಿಸಿದೆ.

ಅರ್ಧ ದಾಟಿದ ಮೇಲೆ ಒಂದು ಕಡೆ ಐದಾರು ಎಳೆ ಕಡಿಮೆ ಬಿದ್ದವು. ಹಾಗಾದಾಗ ಅದೇ ದಾರದ ತುಂಡು ತಂದು ಸೇರಿಸಬೇಕು. ದಾರ ಅಟ್ಟದ ಮೇಲಿದೆ, ಅವರು ಬರಲಿ ಎಂದಳು ವದಿನ. ಕೆಚ್ಚುವ ಕೈ ಕಾಯುತ್ತದೆಯೇ, ನಾನೇ ಏಣಿ ಹತ್ತಿದೆ. ಬೇಡ ಬೇಡ ಎಂದು ಅವಳು ಒಂದೇ ಕೈಯಲ್ಲಿ ನನ್ನ ಸೆರಗು ಹಿಡಿದಳು. ಆಗಲೂ ನಾನು ಬೀಳುತ್ತೇನೆಂಬ ಭಯ ಅವಳಿಗೆ ಅಂದುಕೊಂಡೆ.

ಅಟ್ಟದ ಮೇಲೆ ನೂಲಿನ ಕಟ್ಟುಗಳು ಕಾಗದ ಸುತ್ತಿಕೊಂಡು ಸಾಲಾಗಿ ಕೂತಿದ್ದವು. ಕಾಗದದ ಮೇಲೆ ಬಿದಿರಿನ ಕಡ್ಡಿ ಜೋಡಿಸಿದ ಹಾಗಿದ್ದ ಅಕ್ಷರ. ಕೆಳಗೆ ಇಂಗ್ಲಿಷಿನಲ್ಲಿ ಚೈನಾ ಎಂದು ಓದುವಷ್ಟು ಶಾಲೆಗೆ ನಾನೂ ಹೋಗಿದ್ದೇನೆ. ಅಂಥವೇ ಹಳೆಯ ಕಾಗದಗಳನ್ನು ಮಡಿಸಿ ಅಟ್ಟದ ಹಲಗೆಗೆ ಹಾಸಿದ್ದರು. ಅವುಗಳ ಅಂಚು ಹಳದಿಯಾಗಿ ಪುಡಿಯಾಗುತ್ತಿತ್ತು. ನಿನ್ನೆ ಮೊನ್ನೆಯ ವ್ಯವಹಾರವಲ್ಲ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ನೀಲಿ ಸೀರೆಯ ಅಂಚಿನಿಂದ ಕಟ್ಟಿದ ಲಡಿ. ನಾನು ಹಾಕಿದ ಗಂಟು ಹಾಕಿದ ಹಾಗೇ ಇತ್ತು.

ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆ ಸೀರೆ ಉಟ್ಟು ಎಷ್ಟು ಜನರ ಮುಂದೆ ಸೆರಗು ಚಾಚಿದ್ದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೆಳಗಿಳಿದಾಗ ವದಿನ ಗೋಡೆಗೆ ಒರಗಿ ಅಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಬೇಕು ಅನ್ನಿಸಿತು. ಆದರೆ ಹಾಸು ಅರ್ಧಕ್ಕೆ ನಿಂತಿದೆ. ನನ್ನ ಕೈಯಲ್ಲಿ ಶುರುವಾದದ್ದನ್ನು ಇನ್ನು ಯಾರೂ ಮುಗಿಸಲಾರರು. ಅವ್ವನ ಬೈಗುಳ ಕಿವಿಯಲ್ಲೇ ಇತ್ತು. ಮತ್ತೆ ಬೂದಿ ಹಚ್ಚಿಕೊಂಡು ಕೂತೆ. ಯಾವ ದಾರ ನಮ್ಮ ತೋಟದ ಬುಡಕ್ಕೆ ಕೊಡಲಿ ಹಾಕಿತ್ತೋ ಅದನ್ನೇ, ಒಂದೊಂದು ಎಳೆಯಾಗಿ, ನನ್ನ ಬೆರಳಿನಿಂದಲೇ ಮಗ್ಗಕ್ಕೆ ಏರಿಸಿದೆ.

ಮಧ್ಯಾಹ್ನ ಅಣ್ಣ ಬಂದ. ಹಾಸಿನ ಪಕ್ಕದಲ್ಲಿಟ್ಟಿದ್ದ ನೀಲಿ ಗಂಟಿನ ಲಡಿ ನೋಡಿ ಚಪ್ಪಲಿಯನ್ನೂ ಬಿಡದೆ ನಿಂತ. ಆಮೇಲೆ ಎದುರಿಗೆ ಕೂತು, ಕೆಚ್ಚುವವರಿಗೆ ಎಳೆ ಬಿಡಿಸಿಕೊಡುವ ಹಾಗೆ ಒಂದೊಂದೇ ಎಳೆ ಬಿಡಿಸಿ ನನ್ನ ಬೆರಳಿಗೆ ಕೊಡತೊಡಗಿದ. ಚಿಕ್ಕವರಿದ್ದಾಗಲೂ ಹಾಗೇ ಕೊಡುತ್ತಿದ್ದ.

"ಹಾಸಿನ ಎಳೆಗೆ ಚೈನಾ ದಾರಾನೇ ಬೇಕು ಚೆಲ್ಲಮ್ಮಾ" ಅಂದ. "ನಮ್ಮ ದಾರ ಹಾಕಿದ್ರೆ ಒಂದು ಸೀರೆ ಮುಗಿಯೋದ್ರೊಳಗೆ ಎಷ್ಟು ಸಲ ಹರೀತೈತೋ ಲೆಕ್ಕ ಇಲ್ಲ. ಮಿಷನ್ ಸೀರೆ ಪಕ್ಕದಲ್ಲಿ ಇಟ್ಕೊಂಡು ನಮ್ಮ ಸೀರೇಲಿ ಗಂಟು ಹುಡುಕ್ತಾರೆ ಅಂಗಡಿಯೋರು. ನಾನು ನಾಲ್ಕು ಮಗ್ಗ ಸಾಗಿಸಬೇಕು."

"ಧರಣೀಲಿ ಸುಟ್ಟಿದ್ದು ಇಲ್ಲಿಂದ್ಲೇ ತಗೊಂಡು ಹೋದದ್ದಾ?" ಅಂದೆ.

ಅವನು ಇನ್ನೊಂದು ಎಳೆ ಕೊಟ್ಟ, ಹೊಸೆದೆ.

"ನನ್ನ ಲಡಿ?"

"ಹಾಸಿನಲ್ಲಿ ಹಾಕಿದ್ದೆ. ನಿಜವಾಗ್ಲೂ ಹಾಕಿದ್ದೆ, ಗಂಟು ಬಿಚ್ಚದೆ ಸ್ವಲ್ಪ ಎಳೆ ಎಳ್ಕೊಂಡು, ಒಂದು ತುದಿಗೆ. ನಿಲ್ಲಲಿಲ್ಲ. ನಿನ್ನ ಗೂಡಿನ ತಪ್ಪಲ್ಲ, ನೂಲು ಬಿಚ್ಚಿದೋನ ತಪ್ಪು. ಅವನ ನೀರು ಸರಿ ಇಲ್ಲ, ಕೈ ಸರಿ ಇಲ್ಲ. ನಿನಗೆ ಹೆಂಗೆ ಹೇಳಲಿ. ಹಬ್ಬ ಹತ್ರ ಬಂದಿತ್ತು. ನೀನು ಅಷ್ಟು ಆಸೆ ಇಟ್ಕೊಂಡಿದ್ದೆ."

ನನ್ನ ಬೆರಳು ಅಲ್ಲಿಗೆ ನಿಂತಿತು. ಅಲ್ಲಿಯವರೆಗೆ ನಾನು ಮನಸ್ಸಿನಲ್ಲಿ ಜಗಳ ಆಡುತ್ತಿದ್ದುದು ಚೈನಾ ದಾರದ ಜೊತೆ. ಅಲ್ಲಿಯೂ ಯಾರೋ ಒಬ್ಬಳು ಹೆಂಗಸು ತಲೆಗೆ ಎಣ್ಣೆ ಹಚ್ಚದೆ ಹುಳಕ್ಕೆ ಸೊಪ್ಪು ಹಾಕಿರುತ್ತಾಳೆ, ಅವಳಿಗೂ ನನಗೂ ಏನು ದ್ವೇಷ. ಅವಳ ದಾರ ಚೆನ್ನಾಗಿತ್ತು, ಗೆದ್ದಿತು. ಆದರೆ ನನ್ನ ದಾರ ಎಲ್ಲಿ ಸೋತಿತು ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ನನ್ನ ಎದುರು ಕೂತಿದ್ದ.

"ನೂಲು ಬಿಚ್ಚೋನ್ನ ಬದ್ಲಾಯಿಸ್ತಿದ್ವಲ್ಲ ಅಣ್ಣಯ್ಯ" ಅಂದೆ. "ಆವತ್ತೇ ಒಂದ್ ಮಾತು ಅಂದಿದ್ರೆ. ಎಷ್ಟು ಬೆಳೆ ತೆಗೆದ್ವಿ ಆಮೇಲೆ. ಒಂದ್ ಮಾತು."

ಅಣ್ಣ ಎಳೆ ಬಿಡಿಸುತ್ತಲೇ ಇದ್ದ. ನಾನು ಕೈ ಚಾಚದಿದ್ದಾಗ ಆ ಎಳೆಯನ್ನು ಹಾಗೇ ಹಿಡಿದುಕೊಂಡು ಕಾದ. ನನಗೆ ಅವನ ಮುಖಕ್ಕೆ ಬೂದಿ ಎರಚಬೇಕು ಅನ್ನಿಸಿದ್ದು ಸುಳ್ಳಲ್ಲ. ಎರಚಲಿಲ್ಲ. ಕೈ ಚಾಚಿ ಎಳೆ ತೆಗೆದುಕೊಂಡೆ. ಸಂಜೆಯ ಹೊತ್ತಿಗೆ ಹಾಸು ಮುಗಿಯಿತು. ಎಲ್ಲೂ ಒಂದು ಎಳೆ ಬಿಚ್ಚಲಿಲ್ಲ ಎಂದು ಆಮೇಲೆ ವದಿನ ಫೋನಿನಲ್ಲಿ ಹೇಳಿದಳು. ನಾನಾಗಿ ಕೇಳಿರಲಿಲ್ಲ.

ದಾರ ನೇರವಾಗಿ ಕೊಳ್ಳುತ್ತೀಯಾ ಎಂದು ನಾನು ಅಣ್ಣನನ್ನು ಕೇಳಲಿಲ್ಲ. ಲಡಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದಾಗ ನಮ್ಮ ಮನೆಯವರು ಜಗುಲಿಯ ಮೇಲೆ ಕೂತಿದ್ದರು.

"ಏನಂದ ನಿಮ್ಮಣ್ಣ?"

ದಾರಿಯುದ್ದಕ್ಕೂ ಏನೇನೋ ಸುಳ್ಳು ಜೋಡಿಸಿಕೊಂಡು ಬಂದಿದ್ದೆ. ಅಣ್ಣನ ಮಾನ ಉಳಿಸುವ ಸುಳ್ಳು, ನನ್ನ ಮಾನ ಉಳಿಸುವ ಸುಳ್ಳು. ಬಾಯಿಗೆ ಬಂದದ್ದು ಇಷ್ಟೇ. "ಕಿತ್ತು ಹಾಕ್ರಿ."

ಅವರು ನನ್ನ ಮುಖ ನೋಡಿದರು, ಚೀಲದಿಂದ ಇಣುಕುತ್ತಿದ್ದ ನೀಲಿ ಬಟ್ಟೆ ನೋಡಿದರು. ಪಾಮೆಣ್ಣೆಯ ಮಾತು ತೆಗೆಯಬಹುದಿತ್ತು, ತೆಗೆಯಲಿಲ್ಲ. "ಕೈ ತೊಳ್ಕೊ, ಬೂದಿ ಐತೆ" ಅಂದರು.

ಮುಂದಿನ ವಾರ ಟ್ರ್ಯಾಕ್ಟರು ಬಂತು. ಕಡ್ಡಿ ನೆಟ್ಟಾಗ ಬೆರಳು ಗಾತ್ರವಿದ್ದ ಗಿಡದ ಬೇರು ಈಗ ಮಣಿಕಟ್ಟಿನಷ್ಟು ದಪ್ಪವಾಗಿತ್ತು. ಅದು ನೆಲ ಬಿಡಲು ತುಂಬ ಸತಾಯಿಸಿತು. ಅತ್ತೆ ಹುಳು ಮನೆಯ ತಟ್ಟೆಗಳನ್ನು ತಾವೇ ತೊಳೆದು ಬಿಸಿಲಿಗೆ ಇಟ್ಟರು. ನಾನು ಲಡಿಯ ಗಂಟು ಬಿಚ್ಚಿ ಒಂದು ಎಳೆ ಎಳೆದು ನೋಡಿದೆ. ಕಡಿಯಿತು. ಬೂದಿ ಹಚ್ಚಿ ಕೂಡಿಸಿದೆ. ಪಕ್ಕದಲ್ಲೇ ಮತ್ತೆ ಕಡಿಯಿತು. ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ಮೂರು ವರ್ಷ ತಡವಾಗಿ ಹೇಳಿದ್ದ.

ಅಣ್ಣ ಈಗಲೂ ಗೌರಿಗೆ ಸೀರೆ ಕಳಿಸುತ್ತಾನೆ, ನಾನು ಬೇಡ ಎನ್ನುವುದಿಲ್ಲ. ಆದರೆ ಮದುವೆ ಮುಂಜಿಗೆ ಉಡುವುದು ಆ ಮೆಂತ್ಯದ ಬಣ್ಣದ್ದನ್ನೇ. ಇಷ್ಟು ವರ್ಷದಲ್ಲಿ ಅದರ ಒಂದು ಎಳೆಯೂ ಹಿಸಿದಿಲ್ಲ, ಮಡಿಕೆಯಲ್ಲೂ ಹರಿದಿಲ್ಲ. ಯಾರಾದರೂ ಸೆರಗು ಮುಟ್ಟಿ ಕೇಳಿದರೆ ನಮ್ಮಣ್ಣ ನೇಯ್ದದ್ದು ಎನ್ನುತ್ತೇನೆ. ಮುಂದಿನದನ್ನು ಒಪ್ಪಿಸಲು ಓರಗಿತ್ತಿ ಬಾಯಿ ತೆರೆದರೆ, ಎದ್ದು ಒಳಗೆ ಹೋಗುತ್ತೇನೆ.